ಮೊಳ ಹಾಕಿ ಅಳೆದ ಪ್ರಳಯ

ಹೂವಾಡಗಿತ್ತಿ ಮೊಣಕೈಯಿಂದ ನಡುಬೆರಳಿನ ತುದಿವರೆಗೆ ಮಲ್ಲಿಗೆ ಎಳೆದು ‘ಒಂದು ಮೊಳ’ ಅನ್ನುತ್ತಾಳಲ್ಲ, ಕನ್ನಡ ಬೈಬಲಿನಲ್ಲಿ ಪ್ರಳಯದಲ್ಲಿ ಮನೆಮಂದಿಯನ್ನೂ ಪ್ರಾಣಿಗಳನ್ನೂ ಉಳಿಸಿದ ನೋಹನ ನಾವೆಗೂ ಅದೇ ಅಳತೆ: ಉದ್ದ 300 ಮೊಳ, ಅಗಲ 50, ಎತ್ತರ 30. ಯಾರ ಕೈ ಅನ್ನುವುದೇ ಪ್ರಶ್ನೆ. 18 ಇಂಚಿನ ಮೊಳ ಹಿಡಿದರೆ 450 ಅಡಿ. ಇಲ್ಲಿ ಕೆಂಟಕಿಯ ವಿಲಿಯಮ್ಸ್‌ಟೌನ್‌ನಲ್ಲಿ ಬೈಬಲನ್ನು ಅಕ್ಷರಶಃ ನಂಬುವವರು ನಾವೆಯ ಪೂರ್ಣಗಾತ್ರದ ಮಾದರಿ ಕಟ್ಟಿ 2016ರಲ್ಲಿ ಬಾಗಿಲು ತೆರೆದ ‘ಆರ್ಕ್ ಎನ್‌ಕೌಂಟರ್’ನವರು 20.4 ಇಂಚು ಹಿಡಿದರು, ನಾವೆ 510 ಅಡಿ ಆಯಿತು. ಅರವತ್ತು ಅಡಿ ಬರೀ ಮೊಳದಲ್ಲೇ ಹೆಚ್ಚು ಕಮ್ಮಿ.

ಸಿನ್ಸಿನಾಟಿ ಸುತ್ತಮುತ್ತಲಿನ ಕನ್ನಡಿಗರಿಗೆ ಊರಿಂದ ಅಪ್ಪ ಅಮ್ಮ ಬಂದರೆ ಕರೆದೊಯ್ಯಲು ಇದೊಂದು ಜಾಗ. ಹಿರಿಯರು ‘ಇದು ನಮ್ಮ ಮತ್ಸ್ಯಾವತಾರದ ಕಥೆಯೇ’ ಅನ್ನುತ್ತಾರೆ, ಮಕ್ಕಳು ನಗುತ್ತಾರೆ. ನನ್ನ ಮಟ್ಟಿಗೆ ಇಬ್ಬರೂ ಅರ್ಧ ನೋಡಿ ಹೊರಬಿದ್ದವರು. ಕಥೆಯನ್ನು ನಂಬುವುದು ಬೇರೆ, ಅದನ್ನು ಎಂಜಿನಿಯರಿಂಗ್ ಪರೀಕ್ಷೆಗೆ ಕೂರಿಸುವುದು ಬೇರೆ. ಕೆಂಟಕಿಯಲ್ಲಿ ನಡೆದಿರುವುದು ಎರಡನೆಯದು. ಪರೀಕ್ಷೆಗೆ ಕೂರಿಸಿದ ಮೇಲೆ ಅಂಕವನ್ನೂ ಕೇಳಬೇಕಾಗುತ್ತದೆ.

ಮೊದಲು ಮರ. 1909ರಲ್ಲಿ ಮೇಯ್ನ್ ರಾಜ್ಯದ ಬಾತ್‌ನಲ್ಲಿ ಕಟ್ಟಿದ ‘ವಯೋಮಿಂಗ್’ ಮರದ ಹಡಗುಗಳಲ್ಲೇ ಅತಿ ಉದ್ದದವುಗಳ ಪೈಕಿ ಒಂದು. ಅದರ ಒಡಲು ಸುಮಾರು 350 ಅಡಿ. ಅಲೆಯ ನೆತ್ತಿ ನಡುವಿಗೆ ಬಂದಾಗ ಎರಡೂ ತುದಿ ಜೋತುಬೀಳುತ್ತವೆ. ಅಲೆಯ ಹಳ್ಳ ನಡುವಿಗೆ ಬಂದಾಗ ನಡುವೇ ಕುಸಿಯುತ್ತದೆ. ಹೀಗೆ ದಿನಕ್ಕೆ ಸಾವಿರಾರು ಸಲ ಬಾಗಿದರೆ ಹಲಗೆಗಳು ಒಂದರ ಮೇಲೊಂದು ಜಾರಿ, ಸಂದಿಗೆ ತುರುಕಿದ ನಾರು ಕಿತ್ತುಬಂದು, ನೀರು ಒಳಗೆ ಜಿನುಗುತ್ತದೆ. ಉದ್ದ ಹೆಚ್ಚಿದಂತೆ ಬಾಗಿಸುವ ಬಲ ಅದಕ್ಕಿಂತ ಎಷ್ಟೋ ವೇಗವಾಗಿ ಏರುತ್ತದೆ, ಮರದ ಕಸುವು ಮಾತ್ರ ಇದ್ದಷ್ಟೇ. ವಯೋಮಿಂಗ್‌ಗೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬಿಗಿದಿದ್ದರು, ನೀರೆತ್ತಲು ಉಗಿಯ ಪಂಪು ಇಟ್ಟಿದ್ದರು. ಆದರೂ 1924ರಲ್ಲಿ ಬಿರುಗಾಳಿಗೆ ಸಿಕ್ಕಿ, ಒಳಗಿದ್ದ ಎಲ್ಲರ ಸಮೇತ ಮುಳುಗಿತು. ‘ನಾವೆ ಹಾಯಿಹಡಗಲ್ಲ, ತೇಲುವ ಪೆಟ್ಟಿಗೆ’ ಎಂದು ನಂಬುವವರು ಉತ್ತರಿಸುತ್ತಾರೆ. ಮಾತು ಪೂರ್ತಿ ಸುಳ್ಳಲ್ಲ: ಮೂಲದ ಹೀಬ್ರೂ ಪದ ‘ತೇವಾ’. ಮಗು ಮೋಶೆಯನ್ನು ನದಿಗೆ ಬಿಟ್ಟ ಬುಟ್ಟಿಗೂ ಅದೇ ಪದ. ಪೆಟ್ಟಿಗೆಯಾದರೂ ಅಲೆ ಬಾಗಿಸದೆ ಬಿಡುವುದಿಲ್ಲ. ಕೆಂಟಕಿಯ ನಾವೆಯಂತೂ ನೆಲದ ಮೇಲೆ, ಕಾಂಕ್ರೀಟಿಗೆ ಆತುಕೊಂಡು ನಿಂತಿದೆ.

ಮಳೆಗೆ ಅಲ್ಲಿನ ರಸ್ತೆಬದಿ ಕುಸಿದು, 2019ರಲ್ಲಿ ಅವರು ವಿಮಾ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದ್ದನ್ನು ಸಂದೇಹವಾದಿಗಳು ಇವತ್ತಿಗೂ ಹೇಳಿ ನಗುತ್ತಾರೆ. ತಮಾಷೆ ಸರಿ, ಅದು ವಾದವಲ್ಲ.

ವಾದ ಬೇಕಾದರೆ ನೀರಿನ ಲೆಕ್ಕ ಹಾಕಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 7:20ರ ಪ್ರಕಾರ ನೀರು ಬೆಟ್ಟಗಳ ಮೇಲೆ 15 ಮೊಳ ಏರಿತು. ಎವರೆಸ್ಟ್ 8,849 ಮೀಟರ್. ಅದನ್ನು 40 ದಿನಕ್ಕೆ ಹಂಚಿದರೆ ದಿನಕ್ಕೆ 221 ಮೀಟರ್, ಗಂಟೆಗೆ ಒಂಬತ್ತು ಮೀಟರಿಗೂ ಹೆಚ್ಚು. ಆಗುಂಬೆಯಲ್ಲಿ ಇಡೀ ವರ್ಷ ಸುರಿಯುವುದು ಏಳೂವರೆ ಮೀಟರಿನ ಆಸುಪಾಸು. ಅಂದರೆ ಆಗುಂಬೆಯ ಒಂದು ವರ್ಷ ಒಂದು ಗಂಟೆಯೊಳಗೆ, ಅದೂ ಬಿಡುವಿಲ್ಲದೆ 40 ದಿನ, ಭೂಮಿಯ ಮೂಲೆಮೂಲೆಗೂ. ಈಗ ಗಾಳಿಯಲ್ಲಿರುವ ಆವಿಯೆಲ್ಲ ಒಟ್ಟಿಗೆ ಸುರಿದರೂ ನೆಲದ ಮೇಲೆ ನಿಲ್ಲುವುದು ಒಂದು ಇಂಚು. ಲೋಕದ ಹಿಮವೆಲ್ಲ ಕರಗಿದರೆ ಸಮುದ್ರ 70 ಮೀಟರಿನಷ್ಟು ಏರಬಹುದು. ಉಳಿದ ನೀರು ಎಲ್ಲಿಂದ ಬಂತು, ಆಮೇಲೆ ಎಲ್ಲಿಗೆ ಹೋಯಿತು?

‘ಆಗ ಬೆಟ್ಟಗಳು ಗಿಡ್ಡ ಇದ್ದವು, ಪ್ರಳಯದ ಒಂದೇ ವರ್ಷದಲ್ಲಿ ಭೂಫಲಕಗಳು ಓಡಿ ಹಿಮಾಲಯ ಎದ್ದಿತು’ ಎಂಬುದು ಆ ಪಾಳಯದ ಭೂವಿಜ್ಞಾನಿಗಳ ಉತ್ತರ. ಖಂಡಗಳು ಆ ವೇಗದಲ್ಲಿ ಓಡಿದರೆ ಹುಟ್ಟುವ ಶಾಖಕ್ಕೆ ಸಮುದ್ರವೇ ಕುದಿಯಬೇಕು. ಈ ಶಾಖ ತಮಗೆ ಬಿಡಿಸದ ಒಗಟು ಎಂದು ಅವರೇ ಒಪ್ಪಿ ಬರೆದಿದ್ದಾರೆ. ಪ್ರಾಣಿಗಳ ಲೆಕ್ಕ ಇನ್ನೂ ಸೊಗಸು. ಸುಮಾರು 1,400 ‘ಜಾತಿ’, ಒಟ್ಟು ಏಳು ಸಾವಿರದೊಳಗಿನ ಪ್ರಾಣಿ ಸಾಕು, ಒಂದು ಬೆಕ್ಕಿನ ಜೋಡಿಯಿಂದ ಹುಲಿ, ಸಿಂಹ, ಚಿರತೆ ಎಲ್ಲ ಆಮೇಲೆ ಬಂದವು ಅನ್ನುತ್ತಾರೆ. ನಾಲ್ಕು ಸಾವಿರ ಚಿಲ್ಲರೆ ವರ್ಷದಲ್ಲಿ! ಡಾರ್ವಿನ್ ಕೂಡ ಇಷ್ಟು ಅವಸರ ಮಾಡಲಿಲ್ಲ.

ನನಗೆ ಇದಕ್ಕಿಂತ ರುಚಿಸುವುದು ಪಠ್ಯದೊಳಗಿನ ಪತ್ತೆದಾರಿಕೆ. ಹಳೆಯ ಕನ್ನಡ ಬೈಬಲ್, ಎರಡು ಬಣ್ಣದ ಪೆನ್ಸಿಲ್ ಇದ್ದರೆ ಸಾಕು. ಆದಿಕಾಂಡ 6ರಿಂದ 9ರವರೆಗೆ ‘ದೇವರು’ ಎಂದಿರುವ ಕಡೆ ಒಂದು ಬಣ್ಣ, ಅದೇ ದೇವರನ್ನು ಹೆಸರಿಟ್ಟು ‘ಯೆಹೋವ’ ಎಂದಿರುವ ಕಡೆ ಇನ್ನೊಂದು. ಈಗ ಅಕ್ಕಪಕ್ಕದ ವಿವರ ನೋಡಿ. 6:19ರ ‘ದೇವರ’ ಭಾಗದಲ್ಲಿ ಪ್ರತಿ ಪ್ರಾಣಿಯೂ ಎರಡೆರಡು. 7:2ರ ‘ಯೆಹೋವ’ ಭಾಗದಲ್ಲಿ ಶುದ್ಧ ಪ್ರಾಣಿಗಳು ಏಳೇಳು. ಕೊನೆಗೆ ಯೆಹೋವನಿಗೆ ಹೋಮ ಕೊಡುವುದು 8:20ರಲ್ಲಿ. ಜೋಡಿ ಮಾತ್ರ ಇದ್ದಿದ್ದರೆ ಆ ಬಲಿಯಲ್ಲೇ ಸಂತತಿ ಮುಗಿಯುತ್ತಿತ್ತು, ಅದಕ್ಕೇ ಏಳು. 7:17ರಲ್ಲಿ 40 ದಿನ, 7:24ರಲ್ಲಿ 150 ದಿನ. 7:16ರಲ್ಲಂತೂ ಒಂದೇ ವಚನದಲ್ಲಿ ದೇವರು ಅಪ್ಪಣೆ ಕೊಡುತ್ತಾನೆ, ಯೆಹೋವ ಬಾಗಿಲು ಮುಚ್ಚುತ್ತಾನೆ. ಎರಡು ಕಥೆಯನ್ನು ಒಂದೇ ಜಡೆಯಾಗಿ ಹೆಣೆದಿದ್ದಾರೆ ಎಂದು ಪಂಡಿತರು ಹೇಳುವುದು ಇದನ್ನು ನೋಡಿಯೇ. 7:9ರಲ್ಲಿ ಪೆನ್ಸಿಲ್ ಕೈಕೊಡುತ್ತದೆ: ಯೆಹೋವ ಭಾಗದ ನಟ್ಟನಡುವೆ ‘ದೇವರು’ ಬರುತ್ತದೆ. ಹಾಗಾಗಿ ಹೆಸರೊಂದನ್ನೇ ನೆಚ್ಚಬಾರದು, ಸಂಖ್ಯೆಯನ್ನೂ ಧಾಟಿಯನ್ನೂ ಜೊತೆಗಿಟ್ಟು ನೋಡಬೇಕು.

ಇಂಥ ಸಂಶಯವನ್ನು ನಾಸ್ತಿಕರು ತಂದರು ಅನ್ನುವುದೂ ತಪ್ಪು. ಪಾದ್ರಿಯೂ ಭೂವಿಜ್ಞಾನಿಯೂ ಆಗಿದ್ದ ಆಡಂ ಸೆಡ್ಜ್‌ವಿಕ್ 1831ರಲ್ಲಿ ಲಂಡನ್ನಿನ ಭೂವೈಜ್ಞಾನಿಕ ಸಂಘದ ಅಧ್ಯಕ್ಷ ಪೀಠದಿಂದಲೇ, ಜಲ್ಲಿಯ ಪದರಗಳನ್ನು ನೋಹನ ಪ್ರಳಯಕ್ಕೆ ಗಂಟುಹಾಕಿದ್ದ ತನ್ನ ಮಾತನ್ನು ಹಿಂತೆಗೆದುಕೊಂಡ. ಬಂಡೆಯ ಪದರಗಳನ್ನೆಲ್ಲ ಆ ಒಂದೇ ಪ್ರಳಯದ ಕೆಲಸ ಎನ್ನುವ, ಈಗ ಅಮೆರಿಕದಲ್ಲಿ ಕಾಣುವ ‘ಪ್ರಳಯ ಭೂವಿಜ್ಞಾನ’ ಹಳೆಯದೇನಲ್ಲ. 1920ರ ದಶಕದಲ್ಲಿ ಜಾರ್ಜ್ ಮೆಕ್ರೆಡಿ ಪ್ರೈಸ್ ಬರೆದದ್ದು, 1961ರಲ್ಲಿ ವಿಟ್‌ಕಾಂಬ್ ಮತ್ತು ಮಾರಿಸ್ ಜನಪ್ರಿಯಗೊಳಿಸಿದ್ದು.

ನಮ್ಮ ಕಡೆಯ ರೀತಿ ಬೇರೆ. ಶತಪಥ ಬ್ರಾಹ್ಮಣದಲ್ಲಿ ಮನು ಒಬ್ಬನೇ ಉಳಿಯುತ್ತಾನೆ. ಪ್ರಾಣಿಗಳ ಸುದ್ದಿಯೇ ಇಲ್ಲ. ನೀರಿಗೆ ತುಪ್ಪ ಮೊಸರು ಅರ್ಪಿಸಿದಾಗ ಇಡಾ ಎಂಬ ಹೆಣ್ಣು ಎದ್ದು ಬರುತ್ತಾಳೆ. ಮಹಾಭಾರತದಲ್ಲಿ ಸಪ್ತರ್ಷಿಗಳೂ ಬೀಜಗಳೂ ದೋಣಿ ಹತ್ತುತ್ತವೆ. ಭಾಗವತದಲ್ಲಿ ದ್ರವಿಡ ದೇಶದ ರಾಜ ಸತ್ಯವ್ರತನ ಬೊಗಸೆಗೆ, ಕೃತಮಾಲಾ ನದಿಯಲ್ಲಿ ಮೀನು ಬರುತ್ತದೆ. ಮೂರೂ ಅಕ್ಕಪಕ್ಕ ಇವೆ, ಯಾರೂ ಮೊಳ ಹಾಕಲಿಲ್ಲ. ಹಾಗೆಂದು ಬೀಗುವಂತೆಯೂ ಇಲ್ಲ. ವಾಟ್ಸಾಪಿನಲ್ಲಿ ‘ಮನುವೇ ನೋಹ, ಹೆಸರೇ ಸಾಕ್ಷಿ’ ಎಂದು ಓಡಾಡುವ ಸಂದೇಶ ಕೆಂಟಕಿಯ ತಮ್ಮನೇ. ಮನು ಸಂಸ್ಕೃತದ ‘ಮನ್’ ಧಾತುವಿನದು, ನೋಹ ಹೀಬ್ರೂವಿನಲ್ಲಿ ವಿಶ್ರಾಂತಿ. ಎರಡಕ್ಕೂ ನಂಟಿಲ್ಲ. ನಂಟು ನಿಜಕ್ಕೂ ಇರುವುದು ಬಾಬಿಲೋನಿನ ಕಡೆ. 1872ರಲ್ಲಿ ಜಾರ್ಜ್ ಸ್ಮಿತ್ ಲಂಡನ್ನಿನಲ್ಲಿ ಓದಿ ತೋರಿಸಿದ ಜೇಡಿಮಣ್ಣಿನ ಫಲಕದಲ್ಲಿ ಪಾರಿವಾಳವೂ ಕಾಗೆಯೂ ಬೆಟ್ಟಕ್ಕೆ ತಗುಲಿ ನಿಂತ ದೋಣಿಯೂ ಇವೆ.

ಬಳ್ಳಾರಿ ಕಡೆಯ ಬೂದಿಗುಡ್ಡಗಳು ಈ ಇಡೀ ಜಗಳಕ್ಕೆ ಮೌನ ಸಾಕ್ಷಿ. ಹಂಪಿ ಹತ್ತಿರದ ನಿಂಬಾಪುರದ ಬೂದಿಯನ್ನು ಊರವರು ವಾಲಿಯ ಚಿತೆಯದು ಅನ್ನುತ್ತಾರೆ; ಪುರಾತತ್ವದವರು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿ ಅನ್ನುತ್ತಾರೆ. ಅದಕ್ಕಾಗಿ ಯಾರೂ ಟಿಕೆಟ್ ಇಟ್ಟಿಲ್ಲ. ಇದೇ ಬಗೆಯ ಗುಡ್ಡ ಈಗಿನ ತೆಲಂಗಾಣದ ಉಟ್ನೂರಿನಲ್ಲೂ ಇದೆ. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅಗೆದಾಗ ಬೂದಿಯ ಪದರದಲ್ಲಿ ದನದ ಗೊರಸಿನ ಅಚ್ಚು ಸಿಕ್ಕಿತು. ಕಾಲ ಕ್ರಿ.ಪೂ. ಮೂರನೇ ಸಹಸ್ರಮಾನ. ಬೈಬಲಿನ ವಂಶಾವಳಿಗಳನ್ನು ಕೂಡಿ ಕಾಲ ಕಟ್ಟಿದ 17ನೇ ಶತಮಾನದ ಆರ್ಚ್‌ಬಿಷಪ್ ಅಷರ್ ಲೆಕ್ಕದಲ್ಲಿ ಪ್ರಳಯ ಆದದ್ದು ಕ್ರಿ.ಪೂ. 2348ರ ಸುಮಾರಿಗೆ, ಅದೇ ಸಹಸ್ರಮಾನದಲ್ಲಿ. ಬೂದಿಯ ಮೇಲಿನ ಗೊರಸಿನ ಗುರುತು ಒಂದು ಬಿಂದಿಗೆ ನೀರಿಗೇ ಅಳಿಸಿಹೋಗುವಂಥದ್ದು.