ಹಾರ್ಡಾಂಗರ್ ಪಿಟೀಲಿಗೆ ಇನ್ನಷ್ಟು ಜಾಗ ಬೇಕಿತ್ತು

ರಜೆಯಲ್ಲಿ ಒಬ್ಬಳೇ ನಾರ್ವೆ ಸುತ್ತಿಬಂದ ವಿದ್ಯಾರ್ಥಿನಿಯೊಬ್ಬಳು ಬರೆದ ಪ್ರವಾಸ ಲೇಖನವನ್ನು ಸಂತೋಷದಿಂದ ಓದಿದೆ. ಓಸ್ಲೋದಿಂದ ಬರ್ಗೆನ್‌ಗೆ ಸಾಗುವ ರೈಲು, 1222 ಮೀಟರ್ ಎತ್ತರದ ಫಿನ್ಸೆ ನಿಲ್ದಾಣ, ಫ್ಯೋರ್ಡ್‌ಗಳ, ಅಂದರೆ ಬೆಟ್ಟಗಳ ನಡುವೆ ಒಳಚಾಚಿದ ಕಡಲ ಕವಲುಗಳ, ವರ್ಣನೆ ಎಲ್ಲವೂ ಸೊಗಸಾಗಿವೆ. ಆದರೆ ಅಲ್ಲಿನ ಜನಪದ ವಾದ್ಯವಾದ ಹಾರ್ಡಾಂಗರ್ ಪಿಟೀಲಿಗೆ ಒಂದೇ ಸಾಲು ಮೀಸಲಿಟ್ಟದ್ದು ಸಾಲದು ಎಂಬುದು ನನ್ನ ಅಭಿಪ್ರಾಯ.

ಆ ವಾದ್ಯದಲ್ಲಿ ಕಮಾನಿನಿಂದ ನುಡಿಸುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೈದು ತೆಳು ತಂತಿಗಳು ಹಾದುಹೋಗುತ್ತವೆ. ಅವುಗಳನ್ನು ಕಮಾನು ಮುಟ್ಟುವುದಿಲ್ಲ, ಮೇಲಿನ ಸ್ವರ ಹೊಮ್ಮಿದಾಗ ಅವು ತಾವಾಗಿಯೇ ಅನುರಣಿಸುತ್ತವೆ. ಸಿತಾರ್, ಸಾರಂಗಿಗಳ ತರಫ್ ತಂತಿಗಳ ಕೆಲಸವೂ ಇದೇ ಆಗಿರುವುದರಿಂದ, ಧಾರವಾಡದ ಬೈಠಕ್‌ಗಳಲ್ಲಿ ಕಿವಿ ಪಳಗಿಸಿಕೊಂಡವರಿಗೆ ಆ ನಾದ ತೀರಾ ಅಪರಿಚಿತ ಎನ್ನಿಸಲಾರದು. ತಂತಿಗಳನ್ನು ಹೊರುವ ಕುದುರೆ ಸಾಮಾನ್ಯ ಪಿಟೀಲಿನದಕ್ಕಿಂತ ಚಪ್ಪಟೆಯಾಗಿರುವ ಕಾರಣ ಎರಡು ತಂತಿಗಳನ್ನು ಒಟ್ಟಿಗೇ ನುಡಿಸುವುದು ಸುಲಭ, ನಾದವೂ ತುಂಬಿ ಬರುತ್ತದೆ. ಹಳ್ಳಿಯ ಕುಣಿತಕ್ಕೆ ಒಬ್ಬನೇ ವಾದಕ ಸಾಕಾಗುತ್ತಿದ್ದುದು ಹೀಗೆ. ಲೇಖಕಿ ಭೇಟಿ ಕೊಟ್ಟ, ಬರ್ಗೆನ್ ಬಳಿಯ ಟ್ರೋಲ್ಡ್‌ಹೌಗೆನ್ ಮನೆಯಲ್ಲಿ 1885ರಿಂದ ನೆಲೆಸಿದ್ದ ನಾರ್ವೆಯ ಸಂಗೀತ ರಚನಕಾರ ಎಡ್ವರ್ಡ್ ಗ್ರೀಗ್, ಈ ಪಿಟೀಲಿನ ಕುಣಿತದ ಮಟ್ಟುಗಳನ್ನೇ ಪಿಯಾನೋಗೆ ಅಳವಡಿಸಿದ್ದರೆಂಬುದನ್ನೂ ಬರೆಯಬಹುದಿತ್ತು.

ವಸತಿಯ ಖರ್ಚಿಗೆ ಹೆದರುವ ವಿದ್ಯಾರ್ಥಿಗಳಿಗಾಗಿ ಒಂದು ಮಾತು: ನಾರ್ವೆಯ 1957ರ ಕಾಯ್ದೆಯ ಪ್ರಕಾರ, ಸಾಗುವಳಿ ಇಲ್ಲದ ಬಯಲಿನಲ್ಲಿ, ಜನವಸತಿಯ ಮನೆಗಳಿಂದ ಕನಿಷ್ಠ 150 ಮೀಟರ್ ದೂರದಲ್ಲಿ, ಸಾಮಾನ್ಯವಾಗಿ ಎರಡು ರಾತ್ರಿಯವರೆಗೆ ಯಾರ ಅನುಮತಿಯೂ ಇಲ್ಲದೆ ಡೇರೆ ಹಾಕಬಹುದು.