ಮ್ಯಾಪ್ ತಿರುಗಿಸಿದ ಗಾಡಿ ಯಾರ ಮನೆ ಮುಂದೆ ಹೋಗುತ್ತದೆ?

ಮ್ಯಾಪ್‌ನಲ್ಲಿ ರಸ್ತೆ ಕೆಂಪಾಗಿ ಕಂಡರೆ ಸಾಕು, ಬೇರೆ ದಾರಿ ಹಿಡಿಯುತ್ತೇವೆ. ಆ ಕೆಂಪು ಬಣ್ಣ ಮುಖ್ಯವಾಗಿ ನಮ್ಮ ಫೋನುಗಳಿಂದಲೇ ಬರುತ್ತದೆ. ಒಂದು ರಸ್ತೆಯಲ್ಲಿ ಎಷ್ಟು ಫೋನುಗಳಿವೆ, ಎಷ್ಟು ನಿಧಾನವಾಗಿ ಚಲಿಸುತ್ತಿವೆ ಅನ್ನೋ ಲೆಕ್ಕ ಅದು. ಸೈಮನ್ ವೆಕರ್ಟ್ ಅನ್ನೋ ಕಲಾವಿದ 99 ಫೋನುಗಳನ್ನು ಪುಟ್ಟ ಕೈಗಾಡಿಯಲ್ಲಿ ತುಂಬಿಕೊಂಡು ಬರ್ಲಿನ್ ಬೀದಿಗಳಲ್ಲಿ ಎಳೆದುಕೊಂಡು ಹೋದರು. ಖಾಲಿ ರಸ್ತೆ ಗೂಗಲ್ ಮ್ಯಾಪ್‌ನಲ್ಲಿ ಕೆಂಪಾಯಿತು! 2020ರಲ್ಲಿ ಅದರ ವಿಡಿಯೊ ಬಂದಾಗ ಎಲ್ಲರೂ ನಕ್ಕರು. (ಗೂಗಲ್ ಆಫೀಸಿನ ಮುಂದೆಯೂ ಎಳೆದಿದ್ದರು, ಅದು ಇನ್ನೂ ಮಜಾ.)

ಆದರೆ ರಸ್ತೆ ಕೆಂಪು ಅಂತ ತೋರಿಸಿದರೆ ಗಾಡಿಗಳು ಮಾಯವಾಗುವುದಿಲ್ಲ ಅಲ್ವಾ? ಇನ್ನೊಂದು ಬೀದಿಗೆ ನುಗ್ಗುತ್ತವೆ.

ಅಮೆರಿಕದ ನ್ಯೂಜೆರ್ಸಿಯಲ್ಲಿ ಲಿಯೋನಿಯಾ ಅಂತ ಸಣ್ಣ ಊರು. ಜಾರ್ಜ್ ವಾಷಿಂಗ್ಟನ್ ಸೇತುವೆಗೆ ಹೋಗೋ ಗಾಡಿಗಳನ್ನೆಲ್ಲ ಆ್ಯಪ್‌ಗಳು ಅಲ್ಲಿನ ಮನೆಗಳ ನಡುವಿನ ಬೀದಿಗಳಿಗೆ ತಿರುಗಿಸುತ್ತಿದ್ದವು. ರೋಸಿಹೋದ ಊರಿನವರು 2018ರ ಜನವರಿಯಲ್ಲಿ ಸುಮಾರು 60 ಬೀದಿಗಳನ್ನು ಬೆಳಗ್ಗೆ ಸಂಜೆಯ ರಶ್ ಹೊತ್ತಲ್ಲಿ ಹೊರಗಿನವರಿಗೆ ಮುಚ್ಚಿದರು. ಅದೇ ವರ್ಷ ಕೋರ್ಟು ಆ ನಿಯಮವನ್ನು ರದ್ದು ಮಾಡಿತು, ರಾಜ್ಯ ಸಾರಿಗೆ ಇಲಾಖೆಯ ಒಪ್ಪಿಗೆ ಪಡೆದಿಲ್ಲ ಅಂತ. ಇದು ನನಗೆ ತಲೆಯಿಂದ ಹೋಗುತ್ತಲೇ ಇಲ್ಲ. ಬೀದಿ ಮುಚ್ಚೋಕೆ ಊರಿಗೆ ಒಪ್ಪಿಗೆ ಬೇಕು, ಅದೇ ಬೀದಿಗೆ ಸಾವಿರಾರು ಗಾಡಿ ನುಗ್ಗಿಸೋಕೆ ಆ್ಯಪ್‌ಗೆ ಯಾರ ಒಪ್ಪಿಗೆಯೂ ಬೇಡ!

ಆ್ಯಪ್ ಮುಖ್ಯವಾಗಿ ನೋಡೋದು ನೀವು ಬೇಗ ತಲುಪುತ್ತೀರಾ ಅಂತ. ಆ ಬೀದಿಯಲ್ಲಿ ಶಾಲೆ ಬಿಟ್ಟ ಮಕ್ಕಳು ರಸ್ತೆ ದಾಟುತ್ತಾರಾ, ಮುದುಕರು ವಾಕಿಂಗ್ ಹೋಗುತ್ತಾರಾ, ಅದು ನಿಮ್ಮ ನಿಮಿಷಗಳ ಲೆಕ್ಕದಲ್ಲಿ ಬರುವುದಿಲ್ಲ. ಅಂಗಡಿಗಳದ್ದೂ ಇದೇ ಕಥೆ. ಹುಡುಕಿದಾಗ ಮೇಲೆ ಕಾಣೋ ಕಡೆಗೆ ಜನ ಹೋಗುತ್ತಾರೆ, ಜನ ಹೋದಲ್ಲಿ ರಿವ್ಯೂ ಜಾಸ್ತಿ, ರಿವ್ಯೂ ಜಾಸ್ತಿಯಾದರೆ ಇನ್ನೂ ಮೇಲೆ ಬರೋ ಸಾಧ್ಯತೆ. ಎರಡು ಹೆಜ್ಜೆ ಆಚೆಗಿನ ಅಂಗಡಿ ಸುಮ್ನೆ ಕೂತಿರುತ್ತದೆ.

ನಮ್ಮ ಫೋನಿನ ಓಡಾಟದ ಬಗ್ಗೆ 'ಹೆಸರು ತೆಗೆದೇ ಡೇಟಾ ಬಳಸುತ್ತೇವೆ' ಅಂತ ಕಂಪನಿಗಳು ಹೇಳೋ ಸಮಾಧಾನವೂ ದುರ್ಬಲ. 15 ಲಕ್ಷ ಜನರ ಮೊಬೈಲ್ ಡೇಟಾ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯಾವ ಹೊತ್ತಿಗೆ ಎಲ್ಲಿದ್ದರು ಅನ್ನೋ ನಾಲ್ಕೇ ನಾಲ್ಕು ಗುರುತಿನಿಂದ ನೂರಕ್ಕೆ 95 ಜನರ ಓಡಾಟವನ್ನು ಉಳಿದವರದ್ದರಿಂದ ಬೇರೆ ಮಾಡಬಹುದು ಅಂತ ಗೊತ್ತಾಯಿತು.

ಇಷ್ಟು ಹೇಳಿದರೆ 'ಲೊಕೇಶನ್ ಆಫ್ ಮಾಡಿ, ಮುಗೀತು' ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಮಾಡಿ, ಒಳ್ಳೆಯದೇ. ಆದರೆ ನನ್ನ ಫೋನಲ್ಲಿ ಆಫ್ ಆದರೆ, ಬೇರೆಯವರ ಫೋನ್ ನೋಡಿಕೊಂಡು ನನ್ನ ಮನೆ ಮುಂದೆ ನುಗ್ಗೋ ಗಾಡಿಗಳು ನಿಲ್ಲುತ್ತವಾ? ಯಾವ ಬೀದಿಗೆ ಎಷ್ಟು ಗಾಡಿ ತಿರುಗಿಸುತ್ತೀರಿ ಅಂತ ಕಂಪನಿಗಳು ಆಯಾ ಊರಿಗೆ ಲೆಕ್ಕ ಕೊಡಬೇಕು, ಬೇಡ ಅನ್ನೋ ಅಧಿಕಾರ ಊರಿಗಿರಬೇಕು. ನನ್ನ ತಕರಾರು ಇಷ್ಟೇ.