ಕಿಲೋಮೀಟರ್ ಭಕ್ತವೃಂದ

ಭಾನುವಾರ ಬೆಳಗ್ಗೆ ಐದೂವರೆಗೆ ಲೇಡಿಹಿಲ್ ಹತ್ರ ನಿಂತು ನೋಡಿ ಮಾರಾಯ್ರೆ, ಕಣ್ಣು ಕುಕ್ಕುವ ಟೀಶರ್ಟ್ ಹಾಕಿಕೊಂಡು ಅರ್ಧ ಮಂಗಳೂರೇ ಅಲ್ಲಿರ್ತದೆ. ಕೆಲವರು ಪಣಂಬೂರಿಗೆ ಓಡ್ಲಿಕ್ಕೆ, ಕೆಲವರು ಹೈವೇ ಹಿಡಿದು ಉಡುಪಿವರೆಗೆ ಸೈಕಲ್ ತುಳಿದು ಬನ್ಸ್ ತಿಂದು ವಾಪಸ್ ಬರ್ಲಿಕ್ಕೆ. ಹೋಗಿ ಬಂದ್ರೆ ನೂರು ಕಿಲೋಮೀಟರ್ ದಾಟ್ತದೆ, ಅದನ್ನು ಇವ್ರು ಶಿಸ್ತು ಅಂತ ಕರೀತಾರೆ. ಇಷ್ಟದ ಕೆಲಸ ಮಾಡ್ಲಿಕ್ಕೆ ಎಂತ ಶಿಸ್ತು?

ಇವರ ಹತ್ರ ಹತ್ತು ನಿಮಿಷ ಸ್ಕ್ವಾಟ್ಸ್, ಅಂದ್ರೆ ಕೂತು ಏಳುವ ಕಸರತ್ತು, ಮಾಡುವ ಅಂತ ಹೇಳಿ ನೋಡಿ. ಟೈಮಿಲ್ಲ! ಅದೇ ಮನುಷ್ಯ ಹೋಟೆಲಲ್ಲಿ ಬನ್ಸ್ ಮುಗಿಸಿ ಏಳುವಾಗ ಎರಡೂ ಕೈ ಟೇಬಲಿಗೆ ಊರಿ "ಅಯ್ಯಬ್ಬಾ" ಅಂತ ಏಳೂದು, ಶೂ ಲೇಸ್ ಬಿಚ್ಚಿದ್ರೆ ಬಗ್ಗಿ ಕಟ್ಲಿಕ್ಕಾಗದೆ ಕಾಲು ಇಡ್ಲಿಕ್ಕೆ ಮೆಟ್ಟಿಲು ಹುಡುಕೂದು.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿದೆ, ವಾರಕ್ಕೆ 150ರಿಂದ 300 ನಿಮಿಷ ಹದವಾದ ಓಡಾಟ, ಜೊತೆಗೆ ಕನಿಷ್ಠ 2 ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಅಂತ. ಮೊದಲಿನ ಸಾಲು ಇವ್ರ ಸ್ಟೇಟಸಲ್ಲುಂಟು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಕನ್ನಡಕ ಸಿಗ್ಲಿಲ್ಲ ಕಾಣ್ತದೆ. ಎಂಬತ್ತು-ಇಪ್ಪತ್ತರ ಲೆಕ್ಕವೂ ಹಾಗೇ. ದೊಡ್ಡ ದೊಡ್ಡ ಓಟಗಾರರು ಎಂಬತ್ತು ಭಾಗ ನಿಧಾನಕ್ಕೆ ಓಡ್ತಾರೆ, ಉಳಿದ ಇಪ್ಪತ್ತರಲ್ಲಿ ಉಸಿರು ಬಾಯಿಗೆ ಬರುವ ಹಾಗೆ ಇಂಟರ್ವಲ್, ಅಂದ್ರೆ ಸ್ವಲ್ಪ ಹೊತ್ತು ಜೋರು ಓಡಿ ಮಧ್ಯೆ ಸುಧಾರಿಸಿಕೊಂಡು ಮತ್ತೆ ಜೋರು ಓಟ, ಹೊಡೀತಾರೆ. ನಮ್ಮವರು ಎಂಬತ್ತನ್ನು ಎತ್ತಿಕೊಂಡು, ಇಪ್ಪತ್ತರ ಜಾಗಕ್ಕೂ ಇನ್ನೊಂದು ಲಾಂಗ್ ರೈಡೇ ಹಾಕಿದ್ರು.

ಅಸಲು ಕಥೆ ಎಂತ ಅಂದ್ರೆ, ಮೊಣಕೈ ಊರಿ ಮೈ ನೆಟ್ಟಗೆ ಹಿಡಿಯುವ ಪ್ಲಾಂಕ್ ಮಾಡಿದ್ರೆ, ಓಡಿದ್ದು-ತುಳಿದದ್ದು ಎಲ್ಲ ತೋರಿಸುವ ಸ್ಟ್ರಾವಾ ಆ್ಯಪಲ್ಲಿ ಮ್ಯಾಪ್ ಬರೂದಿಲ್ಲ. ಬೆವರು ಸುರಿಸಿದ್ರೂ ನೀವು ನಿಮ್ಮ ಮನೆಯ ಹಾಲ್‌ನಲ್ಲೇ ಇದ್ದೀರಿ, ಅದಕ್ಕೆ ಯಾರು ಲೈಕ್ ಒತ್ತೂದು?

2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ್ರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಲ್ಲಿ ಓಡಿದಾಗ, ಅದನ್ನು ನೂರು ಮೀಟರಿಗೆ ಭಾಗಿಸಿ ಉಸೇನ್ ಬೋಲ್ಟಿನ ವಿಶ್ವದಾಖಲೆ 9.58ರ ಪಕ್ಕ ಇಟ್ಟು ಊರಿಡೀ ಫಾರ್ವರ್ಡ್ ಮಾಡಿದ್ದು ಇಂಥವರ ವಾಟ್ಸಾಪ್ ಗ್ರೂಪುಗಳೇ. ಕೋಣ ಎಳೆದದ್ದು ಎಷ್ಟು, ಗೌಡ್ರು ಓಡಿದ್ದೆಷ್ಟು ಅಂತ ಯಾರೂ ಕೇಳ್ಲಿಲ್ಲ, ಇರ್ಲಿ. ಈಗ ನೀವೊಂದು ನೂರು ಮೀಟರ್ ಜೋರು ಓಡಿ ಅಂದ್ರೆ ಮಾತ್ರ ಎಲ್ರಿಗೂ ಒಟ್ಟಿಗೇ ಮಂಡಿನೋವು ನೆನಪಾಗ್ತದೆ.

ಪಾರ್ಕಿನ ಓಪನ್ ಜಿಮ್ಮಿಗೆ ಉದ್ಘಾಟನೆ ದಿನ ಎಂತ ರಶ್ಶು! ಈಗ ಲೆಗ್ ಪ್ರೆಸ್ಸಲ್ಲಿ ಒಬ್ರು ಕೂತು ಫೋನಲ್ಲಿ ಜಾಗದ ವ್ಯವಹಾರ ಮಾತಾಡ್ತಿರ್ತಾರೆ, ಉಳಿದದ್ದೆಲ್ಲ ಉಪ್ಪುಗಾಳಿಗೆ ತುಕ್ಕು ಹಿಡಿದು ಕಿರ್ರೋ ಅಂತದೆ. ಕಡೆಗೆ ಫಿಸಿಯೋ ಹತ್ರ ಹೋಗಿ, ಯಾವುದನ್ನು ಪುಕ್ಕಟೆ ಮಾಡ್ಲಿಲ್ವೋ ಅದೇ ಹಿಮ್ಮಡಿ ಎತ್ತಿ ಇಳಿಸುವ ಕಾಫ್ ರೈಸನ್ನು ದುಡ್ಡು ಕೊಟ್ಟು ಮಾಡೂದು. ಅವ್ರು ಕೊಟ್ಟ ಶೀಟು ಫ್ರಿಜ್ಜಿನ ಬಾಗಿಲಲ್ಲಿ ಕರೆಂಟ್ ಬಿಲ್ಲಿನ ಅಡಿಗೆ. ನೋವು ಹೋದ ದಿನ ಶೀಟೂ ಹೋಯ್ತು.

ಮೊನ್ನೆ ಒಂದು ಗ್ರೂಪಲ್ಲಿ ಪೋಲ್ ಹಾಕಿದ್ರು, ಬುಧವಾರ ಸ್ಟ್ರೆಂತ್ ಟ್ರೈನಿಂಗ್ ಯಾರೆಲ್ಲ ಬರ್ತೀರಿ ಅಂತ. ಓಟು ಬಿತ್ತು, ಥಂಬ್ಸ್ ಅಪ್ ಬಿತ್ತು, "ಸೂಪರ್ ಐಡಿಯಾ ಸರ್" ಅಂತ ಮೆಸೇಜೂ ಬಂತು. ಬುಧವಾರ ಬಂದದ್ದು ಅಡ್ಮಿನ್ ಒಬ್ರೇ. ಅವ್ರಿಗೂ ಎರಡನೇ ಸೆಟ್ಟಲ್ಲಿ ಅರ್ಜೆಂಟ್ ಫೋನ್ ಬಂತು.